ಹಳೇ ಕಂಪ್ಯೂಟರ್‌ನಲ್ಲಿ ವರ್ಡ್ ಫೈಲ್ ತೆರೆಯುವುದು: ಶೇರ್‌ವೇರ್‌ಗೆ ಯಾವಾಗ ದುಡ್ಡು ಕೊಡಬೇಕು, ಹೇಗೆ ಕೊಡಬೇಕು

ಗದಗಿಗೆ ಮುದ್ರಣ ಕಾಶಿ ಅಂತ ಹೆಸರಿದೆ. ಅಲ್ಲಿನ ಪ್ರೆಸ್ಸುಗಳಲ್ಲಿ, ಹುಬ್ಬಳ್ಳಿ-ಧಾರವಾಡದ ಡಿಟಿಪಿ ಸೆಂಟರ್‌ಗಳಲ್ಲಿ ಇವತ್ತಿಗೂ ಒಂದು ಮೂಲೆಯಲ್ಲಿ ವಿಂಡೋಸ್ ಎಕ್ಸ್‌ಪಿ ಕಂಪ್ಯೂಟರ್ ಕೂತಿರುತ್ತದೆ. ಹೊಸದನ್ನು ತಗೊಳ್ಳೋಕೆ ಆಗಲ್ಲ ಅಂತಲ್ಲ. ಪುಟ ವಿನ್ಯಾಸದ ಪೇಜ್‌ಮೇಕರ್ 7 ಅದರಲ್ಲಿ ಸರಾಗವಾಗಿ ಓಡುತ್ತದೆ. ದುಡ್ಡು ಕೊಟ್ಟು ತಂದ ಕನ್ನಡ ತಂತ್ರಾಂಶ ಶ್ರೀಲಿಪಿಯ ಡಾಂಗಲ್ (ಅದು ಓಡಲು ಬೇಕಾದ ಬೀಗದಂಥ ಪುಟ್ಟ ಸಾಧನ) ಅದಕ್ಕೇ ಚುಚ್ಚಿದೆ. ಇಪ್ಪತ್ತು ವರ್ಷದ ಲಗ್ನಪತ್ರಿಕೆ, ಅಭಿನಂದನ ಗ್ರಂಥ, ಮಠದ ಪುಸ್ತಕ ಎಲ್ಲದರ ಮೂಲ ಪ್ರತಿ ಅದರ ಹಾರ್ಡ್‌ಡಿಸ್ಕ್‌ನಲ್ಲಿದೆ.

ತೊಂದರೆ ಶುರುವಾಗುವುದು ಗಿರಾಕಿ ವಾಟ್ಸಾಪ್‌ನಲ್ಲಿ ಡಾಕ್ಸ್ (.docx, ಹೊಸ ವರ್ಡ್‌ನ) ಫೈಲ್ ಕಳಿಸಿದಾಗ. "ಸಾಹೇಬ್ರ, ಇದು ಓಪನ್ ಆಗವಲ್ದು" ಅಂತ ಆಪರೇಟರ್ ಹೇಳುತ್ತಾರೆ. ಹುಡುಕಿದರೆ ಇಪ್ಪತ್ತು ಡಾಲರ್‌ನ ಒಂದು ಶೇರ್‌ವೇರ್ ಕಣ್ಣಿಗೆ ಬೀಳುತ್ತದೆ. ಕೊಡುವ ಮುಂಚೆ ಒಂದು ಮಾತು. ಕನ್ನಡದ ಕೆಲಸದಲ್ಲಿ ಫೈಲ್ ತೆರೆಯದಿರುವುದು ಒಂದು ಸಮಸ್ಯೆ, ತೆರೆದ ಮೇಲೆ ಅಕ್ಷರ ಬಾರದಿರುವುದು ಇನ್ನೊಂದು. ಶೇರ್‌ವೇರ್ ಮೊದಲನೆಯದನ್ನು ಮಾತ್ರ ಬಿಡಿಸುತ್ತದೆ. ನಮ್ಮ ಕಡೆ ದುಡ್ಡು ಪೋಲಾಗುವುದು ಜಾಸ್ತಿ ಈ ಎರಡನ್ನು ಒಂದೇ ಅಂದುಕೊಳ್ಳುವುದರಿಂದ.

ಶೇರ್‌ವೇರ್ ಅಂದರೆ

ಮೊದಲು ಬಳಸಿ ನೋಡಿ, ಹಿಡಿಸಿದರೆ ದುಡ್ಡು ಕಳಿಸಿ ಅನ್ನುವ ಪದ್ಧತಿ. 1980ರ ದಶಕದ ಮೊದಲ ವರ್ಷಗಳಲ್ಲಿ ಅಮೆರಿಕದಲ್ಲಿ ಶುರುವಾಯಿತು. ಇದನ್ನು ಬೆಳೆಸಿದವರಲ್ಲಿ ಒಬ್ಬರಾದ ಬಾಬ್ ವ್ಯಾಲೇಸ್ ಮಾರಿದ್ದು ಒಂದು ವರ್ಡ್ ಪ್ರೊಸೆಸರನ್ನೇ. ಹೆಸರು ಪಿಸಿ-ರೈಟ್. ಫ್ಲಾಪಿಗೆ 10 ಡಾಲರ್, ನೋಂದಣಿಗೆ 75 ಡಾಲರ್. ನಿಮ್ಮ ನಕಲಿನಿಂದ ಇನ್ನೊಬ್ಬರು ನೋಂದಾಯಿಸಿಕೊಂಡರೆ ನಿಮಗೇ 25 ಡಾಲರ್ ವಾಪಸ್! ಈಗಿನ ಶೇರ್‌ವೇರ್ ಅಷ್ಟು ಉದಾರವಾಗಿಲ್ಲ. ಟ್ರಯಲ್ ಕೊಡುತ್ತಾರೆ, ಎಲ್ಲೋ ಒಂದು ಕಡೆ ತಡೆ ಹಾಕಿರುತ್ತಾರೆ, ಕೀ (ನೋಂದಣಿ ಸಂಕೇತ) ಕೊಂಡರೆ ತಡೆ ಹೋಗುತ್ತದೆ.

ಹಂತ 1: ಫೈಲನ್ನು ಮೊದಲು ಫೋನ್‌ನಲ್ಲಿ ತೆರೆಯಿರಿ

ಇದು ಪುಕ್ಕಟೆ ಪರೀಕ್ಷೆ. ಹೆಚ್ಚಿನವರು ಇದನ್ನೇ ಬಿಡುತ್ತಾರೆ. ಬಂದ ಫೈಲನ್ನು ಫೋನ್‌ನಲ್ಲೇ ತೆರೆದು ನೋಡಿ. ಕನ್ನಡ ಅಕ್ಷರ ಸರಿಯಾಗಿ ಕಂಡರೆ ಅದು ಯೂನಿಕೋಡ್‌ನಲ್ಲಿ (ಎಲ್ಲ ಯಂತ್ರಗಳಿಗೂ ಒಂದೇ ಆದ ಅಕ್ಷರ ಸಂಕೇತದಲ್ಲಿ) ಬೆರಳಚ್ಚಾದದ್ದು. ಕನ್ನಡದ ಬದಲು ಇಂಗ್ಲಿಷ್ ಅಕ್ಷರ, ಪೌಂಡ್ ಚಿಹ್ನೆ, ತಲೆ ಮೇಲೆ ಗೆರೆ ಹೊತ್ತ ಎ-ಗಳು ಬಂದರೆ ನುಡಿ, ಬರಹ ಅಥವಾ ಶ್ರೀಲಿಪಿಯಂಥ ಹಳೇ ಫಾಂಟ್‌ನಲ್ಲಿ ಆದದ್ದು. ಡಿಟಿಪಿಯವರು ಇದನ್ನು ಆಸ್ಕಿ ಅಂತಾರೆ. ಫೋನ್‌ನಲ್ಲಿ ಆ ಫಾಂಟ್ ಇರುವುದಿಲ್ಲ, ಅದಕ್ಕೇ ಹಾಗೆ ಕಾಣುತ್ತದೆ. ಯಾವುದು ಅಂತ ಒಂದು ಚೀಟಿಯಲ್ಲಿ ಬರೆದಿಡಿ. ಮುಂದಿನ ಅರ್ಧ ಕೆಲಸ ಇದರ ಮೇಲೇ ನಿಂತಿದೆ.

ಆಮೇಲೆ ಫೈಲಿನ ಜಾತಿ. ಹೆಸರಿನ ಕೊನೆಯಲ್ಲಿ ಇರುವುದನ್ನು ಸುಮ್ನೆ ನಂಬಬೇಡಿ. ಯಾರೋ ಹೆಸರು ಬದಲಿಸಿ ಕಳಿಸಿರಬಹುದು. ನೋಟ್‌ಪ್ಯಾಡ್‌ನಲ್ಲಿ ತೆರೆದು ಮೊದಲ ಕೆಲವು ಅಕ್ಷರ ನೋಡಿ. ಪಿ, ಕೆ ಅಂತ ಶುರುವಾದರೆ ಅದು ಡಾಕ್ಸ್ ಇರಬಹುದು, ಓಪನ್ ಆಫೀಸ್‌ನ ಓಡಿಟಿಯೂ ಇರಬಹುದು. ಎರಡೂ ಒಳಗೆ ಜಿಪ್ ಫೈಲೇ. ಜಿಪ್ ಕಟ್ಟಿದ ಫಿಲ್ ಕಾಟ್ಜ್ ಅವರ ಹೆಸರಿನ ಮೊದಲಕ್ಷರಗಳು ಅವು. ಪುಷ್ಪಾವರಣ ಚಿಹ್ನೆ, ಓರೆಗೆರೆ, ಆರ್‌ಟಿಎಫ್ ({\rtf) ಅಂತ ಇದ್ದರೆ ಆರ್‌ಟಿಎಫ್, ಹೆಚ್ಚಿನ ತಂತ್ರಾಂಶಗಳು ಓದುವ ಬಗೆ. ಅದನ್ನು ಎಕ್ಸ್‌ಪಿಯ ವರ್ಡ್‌ಪ್ಯಾಡ್ ಕೂಡ ತೆರೆಯುತ್ತದೆ. ಡಬ್ಲ್ಯೂಪಿಸಿ ಅಂತ ಕಂಡರೆ ವರ್ಡ್‌ಪರ್ಫೆಕ್ಟ್ ಅನ್ನುವ ಹಳೇ ವರ್ಡ್ ಪ್ರೊಸೆಸರ್‌ನದು. ಓದಲು ಬರುವ ಇಂಗ್ಲಿಷ್, ಆದರೆ ಪ್ರತಿ ಪದದ ಕೊನೆಯಕ್ಷರ ಮಾತ್ರ ವಿಚಿತ್ರವಾಗಿದೆ ಅಂದರೆ ವರ್ಡ್‌ಸ್ಟಾರ್. ಕೊನೆಯಕ್ಷರದ ಒಂದು ಬಿಟ್ ಬದಲಿಸಿಡುವುದು ಅದರ ಅಭ್ಯಾಸ.

ಹಂತ 2: ದುಡ್ಡಿಲ್ಲದ ದಾರಿಗಳನ್ನು ಮುಗಿಸಿ

ಎಲ್ಲಕ್ಕಿಂತ ಸಲೀಸು ಕಳಿಸಿದವರನ್ನೇ ಕೇಳುವುದು. ವರ್ಡ್‌ನಲ್ಲಿ ಸೇವ್ ಆಸ್ ಒತ್ತಿ "ವರ್ಡ್ 97-2003" ಅಂತ ಆರಿಸಿ ಮತ್ತೆ ಕಳಿಸಿ ಅನ್ನಿ. ಅವರಿಗೆ ಅದು ಒಂದು ನಿಮಿಷದ ಕೆಲಸ. ಗೂಗಲ್ ಡಾಕ್ಸ್‌ನವರಾದರೆ ಕಂಪ್ಯೂಟರ್‌ನ ಬ್ರೌಸರ್‌ನಲ್ಲಿ ತೆರೆದು, ಫೈಲ್ ಮೆನುವಿನ ಡೌನ್‌ಲೋಡ್‌ನಲ್ಲಿ ಆರ್‌ಟಿಎಫ್ ತಗೊಳ್ಳಲಿ. ಕೇಳಲು ಸಂಕೋಚ ಬೇಡ. ಪ್ರೆಸ್ಸಿನವರು ಕೇಳಿದರೆ ಗಿರಾಕಿ ಬೇಜಾರು ಮಾಡಿಕೊಳ್ಳುವುದಿಲ್ಲ. ಕೇಳದೆ ತಪ್ಪು ಅಚ್ಚು ಹಾಕಿದರೆ ಮಾಡಿಕೊಳ್ಳುತ್ತಾರೆ.

ಎಕ್ಸ್‌ಪಿಯಲ್ಲಿ ಆಫೀಸ್ 2003 ಇದ್ದವರಿಗೆ ಮೈಕ್ರೋಸಾಫ್ಟೇ ಒಂದು ಕಂಪ್ಯಾಟಿಬಿಲಿಟಿ ಪ್ಯಾಕ್ ಪುಕ್ಕಟೆ ಕೊಡುತ್ತಿತ್ತು. ಹಾಕಿದರೆ ವರ್ಡ್ 2003ರಲ್ಲೇ ಡಾಕ್ಸ್ ತೆರೆಯುತ್ತಿತ್ತು. 2018ರಲ್ಲಿ ಅದನ್ನು ಹಿಂತೆಗೆದುಕೊಂಡರು. ನಿಮ್ಮ ಹಳೇ ಸಿಡಿ ಗೂಡಿನಲ್ಲಿ ಆ ಪ್ಯಾಕ್ ಇದ್ದರೆ ಈಗಲೂ ಕೆಲಸಕ್ಕೆ ಬರುತ್ತದೆ. ಎಲ್ಲೆಲ್ಲಿಂದಲೋ ಡೌನ್‌ಲೋಡ್ ಮಾಡಬೇಡಿ. ಆ ಹೆಸರಿನಲ್ಲಿ ಬೇರೆ ಏನೋ ಬರುವ ಸಾಧ್ಯತೆ ಇದೆ.

ಅದಿಲ್ಲದಿದ್ದರೆ ಲಿಬ್ರೆ ಆಫೀಸ್, ಆಫೀಸ್‌ನಂಥದೇ ಪುಕ್ಕಟೆ ತಂತ್ರಾಂಶ. ಎಕ್ಸ್‌ಪಿಯಲ್ಲಿ ಓಡುವ ಕೊನೆಯ ಸರಣಿ 5.4. ಅದಕ್ಕಿಂತ ಹೊಸದು ಇನ್‌ಸ್ಟಾಲ್ ಆಗುವುದೇ ಇಲ್ಲ, ವೃಥಾ ಗುದ್ದಾಡಬೇಡಿ. ಅದನ್ನು ತಯಾರಿಸುವ ಡಾಕ್ಯುಮೆಂಟ್ ಫೌಂಡೇಶನ್‌ನ ಹಳೇ ಆವೃತ್ತಿಗಳ ಸಂಗ್ರಹದಲ್ಲಿ ಇದು ಪುಕ್ಕಟೆ ಸಿಗುತ್ತದೆ. ಎಕ್ಸ್‌ಪಿಗೆ ಸರ್ವಿಸ್ ಪ್ಯಾಕ್ 3 ಹಾಕಿರಬೇಕು. ಡಾಕ್ಸ್, ಹಳೇ ಡಾಕ್, ವರ್ಡ್‌ಪರ್ಫೆಕ್ಟ್, ಮೈಕ್ರೋಸಾಫ್ಟ್ ವರ್ಕ್ಸ್ ಎಲ್ಲವೂ ತೆರೆಯುತ್ತವೆ. ಪೇಜ್‌ಮೇಕರ್ ಫೈಲನ್ನೂ ಅದರ ಡ್ರಾ ಭಾಗ ತಕ್ಕಮಟ್ಟಿಗೆ ಓದುತ್ತದೆ. ಪೇಜ್‌ಮೇಕರ್ ಮಾರಿದ ಅಡೋಬಿಯವರದೇ ಇನ್‌ಡಿಸೈನ್ ಸಿಎಸ್6 ಆದ ಮೇಲೆ ಪೇಜ್‌ಮೇಕರ್ ಫೈಲ್ ತೆರೆಯುವುದನ್ನು ಬಿಟ್ಟಿದೆ ಅನ್ನುವುದನ್ನು ನೆನೆದರೆ ಇದು ದೊಡ್ಡ ಸಂಗತಿಯೇ.

ಡೌನ್‌ಲೋಡನ್ನು ಎಕ್ಸ್‌ಪಿಯಲ್ಲೇ ಮಾಡಲು ಹೋಗಬೇಡಿ. ಅದರ ಹಳೇ ಬ್ರೌಸರ್‌ಗೆ ಈಗಿನ ಸುರಕ್ಷಿತ ಸಂಪರ್ಕದ ಪದ್ಧತಿ ಗೊತ್ತಿಲ್ಲ. ಹೆಚ್ಚಿನ ಸೈಟುಗಳು ತೆರೆಯುವುದೇ ಇಲ್ಲ. ಹೊಸ ಕಂಪ್ಯೂಟರ್‌ನಲ್ಲಿ ಇಳಿಸಿ, ಆಂಟಿವೈರಸ್‌ನಲ್ಲಿ ಸ್ಕ್ಯಾನ್ ಮಾಡಿ, ಪೆನ್‌ಡ್ರೈವ್‌ನಲ್ಲಿ ತನ್ನಿ. ಪೆನ್‌ಡ್ರೈವ್ ಫ್ಯಾಟ್32ರಲ್ಲಿ ಫಾರ್ಮ್ಯಾಟ್ ಆಗಿರಲಿ. ಅಂದ ಹಾಗೆ, ಫೋಲ್ಡರ್‌ಗಳೆಲ್ಲ ಶಾರ್ಟ್‌ಕಟ್ ಆಗಿಬಿಡುವ ಆ ವೈರಸ್ ನೆನಪಿದೆಯಲ್ವಾ? ಊರಿನ ಜೆರಾಕ್ಸ್ ಅಂಗಡಿಗಳಲ್ಲಿ ಅದಿನ್ನೂ ಸತ್ತಿಲ್ಲ. ಗಿರಾಕಿಯ ಪೆನ್‌ಡ್ರೈವನ್ನು ನೇರ ಎಕ್ಸ್‌ಪಿಗೆ ಚುಚ್ಚಬೇಡಿ.

ಏನೂ ಇನ್‌ಸ್ಟಾಲ್ ಮಾಡದ ಇನ್ನೊಂದು ದಾರಿಯಿದೆ, ನನಗೆ ಬಹಳ ಇಷ್ಟದ್ದು. ಡಾಕ್ಸ್ ಒಳಗೆ ಜಿಪ್ ಅಂದೆನಲ್ಲ. ಫೋಲ್ಡರ್ ಆಪ್ಷನ್ಸ್‌ನ ವ್ಯೂ ಭಾಗಕ್ಕೆ ಹೋಗಿ, ಎಕ್ಸ್‌ಟೆನ್ಶನ್ (ಹೆಸರಿನ ಕೊನೆಯ ಭಾಗ) ಬಚ್ಚಿಡುವ ಟಿಕ್ ತೆಗೆಯಿರಿ. ಫೈಲಿನ ಒಂದು ನಕಲು ಮಾಡಿ. ನಕಲಿನ ಹೆಸರಿನ ಕೊನೆಯ ಡಾಕ್ಸ್ ಅಳಿಸಿ ಜಿಪ್ ಅಂತ ಹಾಕಿ. ಎಕ್ಸ್‌ಪಿ ಅದನ್ನು ಸಾಮಾನ್ಯ ಜಿಪ್‌ನಂತೆ ತೆರೆಯುತ್ತದೆ. ಒಳಗೆ ವರ್ಡ್ ಅನ್ನುವ ಫೋಲ್ಡರ್, ಅದರೊಳಗೆ ಡಾಕ್ಯುಮೆಂಟ್ ಹೆಸರಿನ ಎಕ್ಸ್‌ಎಂಎಲ್ ಫೈಲ್. ಬರಹವೆಲ್ಲ ಅದರಲ್ಲಿದೆ, ನಡುನಡುವೆ ಟ್ಯಾಗ್‌ಗಳ ಗದ್ದಲ. ಒಂದು ಪುಟದ ಪತ್ರಕ್ಕೆ ಸಾಕು, ಪುಸ್ತಕಕ್ಕೆ ಅಲ್ಲ. ಆದರೆ ಪಕ್ಕದ ಮೀಡಿಯಾ ಫೋಲ್ಡರ್ ನೋಡಿ. ಫೈಲಿನಲ್ಲಿ ಅಂಟಿಸಿದ ಫೋಟೋಗಳೆಲ್ಲ ಬಿಡಿಬಿಡಿಯಾಗಿ ಅಲ್ಲಿ ಸಿಗುತ್ತವೆ. ಆಮಂತ್ರಣ ಪತ್ರಿಕೆ ಮಾಡುವವರಿಗೆ ಇದೇ ಲಾಭ. ಸ್ಕ್ರೀನ್‌ಶಾಟ್ ತೆಗೆದು ಮಂಕಾದ ಫೋಟೋ ಅಚ್ಚು ಹಾಕುವ ಕರ್ಮ ತಪ್ಪುತ್ತದೆ.

ವಿಂಡೋಸ್ 98ರವರು ಆರ್‌ಟಿಎಫ್‌ಗೆ ಮಾತ್ರ ಕೈಹಾಕಿ. ಅದರಲ್ಲಿ ಓಡುವ ಕೊನೆಯ ಓಪನ್ ಆಫೀಸ್ 2.4, ಡಾಕ್ಸ್ ತೆರೆಯುವುದು 3.0ರಿಂದ. ವಿಂಡೋಸ್ 7 ಇದ್ದವರು ಅದೃಷ್ಟವಂತರು. ಅದರ ವರ್ಡ್‌ಪ್ಯಾಡೇ ಡಾಕ್ಸ್ ತೆರೆಯುತ್ತದೆ.

ಹಂತ 3: ಕನ್ನಡ ಅಕ್ಷರದ ಗಂಟು

ಫೈಲ್ ತೆರೆಯಿತು. ಈಗ ಹಂತ 1ರ ಚೀಟಿ ತೆಗೆಯಿರಿ.

ಆಸ್ಕಿ ಅಂತ ಬರೆದಿದ್ದರೆ ಎಕ್ಸ್‌ಪಿಯಲ್ಲಿ ಕೆಲಸ ಸುಲಭ. ಯಾವ ಫಾಂಟ್ ಅಂತ ಗಿರಾಕಿಯನ್ನು ಕೇಳಿ, ಆ ಫಾಂಟ್ ಹಾಕಿ. ಕನ್ನಡ ಗಣಕ ಪರಿಷತ್ತಿನ ನುಡಿ ಪುಕ್ಕಟೆ ಸಿಗುತ್ತದೆ. ಅದರ ಫಾಂಟ್ ಪೇಜ್‌ಮೇಕರ್‌ನಲ್ಲೂ ನೇರ ನಡೆಯುತ್ತದೆ. ಶ್ರೀಲಿಪಿಯಲ್ಲಿ ಆಗಿದ್ದರೆ ಶ್ರೀಲಿಪಿಯದೇ ಫಾಂಟ್ ಬೇಕು, ಅದರ ಸಂಕೇತ ಬೇರೆ. ನುಡಿ ಫಾಂಟ್ ಹಾಕಿದರೆ ಒಂದು ಗೊಂದಲ ಹೋಗಿ ಇನ್ನೊಂದು ಬರುತ್ತದೆ.

ಯೂನಿಕೋಡ್ ಅಂತ ಇದ್ದರೆ ಎರಡು ಕೆಲಸ. ಮೊದಲನೆಯದು, ಎಕ್ಸ್‌ಪಿಗೆ ಕನ್ನಡ ಕಲಿಸುವುದು. ಕಂಟ್ರೋಲ್ ಪ್ಯಾನೆಲ್‌ನಲ್ಲಿ ರೀಜನಲ್ ಅಂಡ್ ಲ್ಯಾಂಗ್ವೇಜ್ ಆಪ್ಷನ್ಸ್ ತೆರೆದು, ಲ್ಯಾಂಗ್ವೇಜಸ್ ಭಾಗದಲ್ಲಿ ಕಾಂಪ್ಲೆಕ್ಸ್ ಸ್ಕ್ರಿಪ್ಟ್ ಅನ್ನುವ ಕಡೆ ಟಿಕ್ ಹಾಕಿ. ಎಕ್ಸ್‌ಪಿ ಸಿಡಿ ಕೇಳುತ್ತದೆ, ಹತ್ತಿರ ಇಟ್ಟುಕೊಳ್ಳಿ. ಆಮೇಲೆ ತುಂಗಾ ಫಾಂಟ್‌ನಲ್ಲಿ ಕನ್ನಡ ಕಾಣುತ್ತದೆ. ವಿಂಡೋಸ್ 2000 ಮತ್ತು 98ರಲ್ಲಿ ಈ ಅನುಕೂಲ ಇಲ್ಲ.

ಎರಡನೆಯದು ಪೇಜ್‌ಮೇಕರ್. ಅದಕ್ಕೆ ಯೂನಿಕೋಡ್ ಅರ್ಥವಾಗುವುದಿಲ್ಲ. ಎಷ್ಟೇ ದುಬಾರಿ ಶೇರ್‌ವೇರ್ ತಂದರೂ ಅದು ಬದಲಾಗದು. ಬರಹವನ್ನು ಯೂನಿಕೋಡ್‌ನಿಂದ ನುಡಿಯ ಆಸ್ಕಿಗೆ ತಿರುಗಿಸಲೇಬೇಕು. ನುಡಿ, ಬರಹ ತಂತ್ರಾಂಶಗಳ ಜೊತೆ ಪರಿವರ್ತಕ ಬರುತ್ತದೆ. ಬ್ರೌಸರ್‌ನಲ್ಲೇ ನಡೆಯುವ ಪುಕ್ಕಟೆ ಪರಿವರ್ತಕಗಳೂ ಇವೆ. ಹೊಸ ಕಂಪ್ಯೂಟರ್‌ನಲ್ಲಿ ತಿರುಗಿಸಿ, ನೋಟ್‌ಪ್ಯಾಡ್‌ಗೆ ಅಂಟಿಸಿ, ಸೇವ್ ಮಾಡುವಾಗ ಎನ್‌ಕೋಡಿಂಗ್ ಕಡೆ ಕಣ್ಣಿಡಿ. ಅಲ್ಲಿ ಆನ್ಸಿ ಅಂತ ಇರಬೇಕು. ಯುಟಿಎಫ್-8 ಇದ್ದರೆ ಪೇಜ್‌ಮೇಕರ್‌ನಲ್ಲಿ ಬೇಡದ ಅಕ್ಷರಗಳು ನುಗ್ಗಿಬಿಡುತ್ತವೆ. "ಪರಿವರ್ತಕ ಸರಿ ಇಲ್ಲ" ಅನ್ನುವ ಎಷ್ಟೋ ದೂರಿನ ಮೂಲ ಈ ಒಂದು ಆಯ್ಕೆ.

ತಿರುಗಿಸಿದ ಮೇಲೆ ತಿದ್ದುಪಡಿಗೆ ಕೂರಿ. ಧರ್ಮ, ರಾಷ್ಟ್ರ, ಲಕ್ಷ್ಮೀ, ಸ್ವಾತಂತ್ರ್ಯ: ಈ ನಾಲ್ಕು ಪದ ಸರಿಯಾಗಿ ಬಂದರೆ ಹೆಚ್ಚುಕಮ್ಮಿ ಒಳ್ಳೇ ಪರಿವರ್ತಕ ಅಂತ ತಿಳಿಯಿರಿ. ನಡುವೆ ಇಂಗ್ಲಿಷ್ ಪದ ಇದ್ದರೆ ನುಡಿ ಫಾಂಟ್ ಹಾಕಿದ ಕೂಡಲೇ ಅದು ಅರ್ಥವಿಲ್ಲದ ಕನ್ನಡವಾಗುತ್ತದೆ. ಫೋನ್ ನಂಬರ್, ಇಮೇಲ್, ಡಿಗ್ರಿಗಳ ಹೆಸರು ಇರುವ ಸಾಲುಗಳಿಗೆ ಬೇರೆ ಫಾಂಟ್ ಕೊಡಿ. ಕರ್ನಾಟಕ ವಿಶ್ವವಿದ್ಯಾಲಯದ ಪ್ರಬಂಧ ಮಾಡಿಕೊಡುವವರಿಗೆ ಅಡಿಟಿಪ್ಪಣಿಗಳಲ್ಲಿ ಇದೇ ದೊಡ್ಡ ತಲೆನೋವು.

ಹಂತ 4: ಹಾಗಾದರೆ ದುಡ್ಡು ಯಾವಾಗ?

ತಿಂಗಳಿಗೆ ನಾಲ್ಕು ಫೈಲ್ ಬಂದರೆ ಬೇಡ. ನನ್ನ ಪ್ರಕಾರ ಮೂರು ಕಡೆ ಕೊಟ್ಟ ದುಡ್ಡು ದಂಡವಲ್ಲ. ಒಂದು, ಒಂದೇ ಜಾತಿಯ ನೂರಾರು ಹಳೇ ಫೈಲುಗಳಿವೆ, ಒಟ್ಟಿಗೆ ತಿರುಗಿಸಬೇಕು, ಲಿಬ್ರೆ ಆಫೀಸ್‌ಗೆ ಆ ಜಾತಿ ಬರುವುದಿಲ್ಲ. ಎರಡು, ಹಳೇ ಮ್ಯಾಕ್ ಇದೆ. ವರ್ಡ್ ಇಲ್ಲದ ಮ್ಯಾಕ್‌ನಲ್ಲಿ ವರ್ಡ್ ಫೈಲ್ ತೆರೆಯಲು ಐಸಿವರ್ಡ್‌ನಂಥ ಶೇರ್‌ವೇರ್ ಒಂದು ಕಾಲಕ್ಕೆ ತುಂಬ ಜನ ಕೊಂಡರು. ಮೂರು, ಕೋಷ್ಟಕ, ಅಡಿಟಿಪ್ಪಣಿ ಎಲ್ಲ ಇದ್ದ ಹಾಗೇ ಬೇಕು, ಪುಕ್ಕಟೆ ದಾರಿಯಲ್ಲಿ ಅವು ಚದುರಿ ಹೋಗುತ್ತಿವೆ.

ಬರೀ ವರ್ಡ್ ಫೈಲುಗಳು ರಾಶಿ ಇದ್ದರೆ ಲಿಬ್ರೆ ಆಫೀಸ್‌ನ ಫೈಲ್ ಮೆನುವಿನಲ್ಲಿ ವಿಝಾರ್ಡ್ಸ್, ಅದರಲ್ಲಿ ಡಾಕ್ಯುಮೆಂಟ್ ಕನ್ವರ್ಟರ್ ನೋಡಿ. ಇಡೀ ಫೋಲ್ಡರನ್ನು ಒಮ್ಮೆಗೇ ತಿರುಗಿಸುತ್ತದೆ.

ಹಂತ 5: ಟ್ರಯಲ್‌ಗೆ ನಿಮ್ಮ ಕಷ್ಟದ ಫೈಲ್ ಕೊಡಿ

ಮಾರುವವರ ಮಾದರಿ ಫೈಲ್ ಚೆನ್ನಾಗಿಯೇ ತೆರೆಯುತ್ತದೆ. ನಿಮ್ಮದರಲ್ಲಿ ಅತ್ಯಂತ ಗೋಜಲಾದದ್ದನ್ನು ಹಾಕಿ: ಒತ್ತಕ್ಷರ ತುಂಬಿದ ಪುಟ, ಕೋಷ್ಟಕ, ಫೋಟೋ, ಅಡಿಟಿಪ್ಪಣಿ ಎಲ್ಲ ಇರುವಂಥದ್ದು. ಟ್ರಯಲ್‌ನ ತಡೆ ಯಾವ ತರಹದ್ದು ಅಂತಲೂ ಗಮನಿಸಿ. ಮೊದಲ ಕೆಲವು ಪುಟ ಮಾತ್ರ ತೋರಿಸುವುದು, ಪುಟದ ಮೇಲೆ ಮುದ್ರೆ ಹಾಕುವುದು ಪರವಾಗಿಲ್ಲ. ಸೇವ್ ಮಾಡಲು ಬಿಡದ ಟ್ರಯಲ್ ಅನುಮಾನದ್ದು. ತಿರುಗಿಸಿದ ಫೈಲ್ ಪೇಜ್‌ಮೇಕರ್‌ಗೆ ಹೋಗುತ್ತದೋ ಇಲ್ಲವೋ ಅನ್ನುವುದೇ ನಿಮಗೆ ಬೇಕಾದ ಉತ್ತರ. ಅದನ್ನು ನೋಡಲು ಬಿಡದವರಿಗೆ ದುಡ್ಡು ಯಾಕೆ ಕೊಡಬೇಕು?

ಟ್ರಯಲ್ "ಅವಧಿ ಮುಗಿದಿದೆ" ಅಂತ ಮೊದಲ ದಿನವೇ ಹೇಳಿದರೆ ಗಡಿಯಾರ ನೋಡಿ. ಹಳೇ ಮದರ್‌ಬೋರ್ಡ್‌ನ ಸೆಲ್ ಸತ್ತಿದ್ದರೆ ಪ್ರತಿ ಸಲ ಆನ್ ಮಾಡಿದಾಗ ತಾರೀಕು ಹಿಂದಕ್ಕೆ ಓಡಿಹೋಗುತ್ತದೆ. ಸಿಆರ್ 2032 ಅನ್ನುವ ಗುಂಡನೆಯ ಸೆಲ್ ವಾಚ್ ರಿಪೇರಿ ಅಂಗಡಿಯಲ್ಲೂ ಸಿಗುತ್ತದೆ. ಕೊಂಡ ಮೇಲೂ ತಾರೀಕು ತಪ್ಪಿದ್ದರೆ ಕೀ ಕೆಲಸ ಮಾಡದೇ ಇರಬಹುದು, ಮೊದಲು ಇದನ್ನು ಸರಿಮಾಡಿ.

ಹಂತ 6: ಮಾರುವವರು ಇನ್ನೂ ಇದ್ದಾರಾ?

ಹಳೇ ಶೇರ್‌ವೇರ್‌ನ ದೊಡ್ಡ ಅಪಾಯ ಮೋಸಕ್ಕಿಂತ ಜಾಸ್ತಿ ನಿರ್ಗಮನ. ಪುಟ ಇರುತ್ತದೆ, ಮನುಷ್ಯ ಇರುವುದಿಲ್ಲ. ಸಣ್ಣ ತಯಾರಕರ ಪರವಾಗಿ ದುಡ್ಡು ವಸೂಲಿ ಮಾಡುತ್ತಿದ್ದ ಕಾಗಿ ಅನ್ನುವ ಸಂಸ್ಥೆ 2016ರಲ್ಲಿ ಮುಚ್ಚಿತು. ಪುಟದಲ್ಲಿ ಇನ್ನೂ ಕಾಗಿಯ ಕೊಂಡಿ ಇದ್ದರೆ ಆ ಪುಟವನ್ನು ಅಂದಿನಿಂದ ಯಾರೂ ಮುಟ್ಟಿಲ್ಲ ಅಂತಲೇ ಅರ್ಥ.

ಕೊಳ್ಳುವ ಮುಂಚೆ ಒಂದು ಇಮೇಲ್ ಹಾಕಿ. ಮೂರು ಪ್ರಶ್ನೆ ಸಾಕು. ಎಕ್ಸ್‌ಪಿಯಲ್ಲಿ ಓಡುತ್ತದಾ? ಇಂಟರ್ನೆಟ್ ಇಲ್ಲದೆ ಕೀ ಹಾಕಬಹುದಾ? ಕಂಪ್ಯೂಟರ್ ಕೆಟ್ಟರೆ ಬೇರೆಯದಕ್ಕೆ ಹಾಕಿಕೊಳ್ಳಬಹುದಾ? ಎರಡನೆಯದು ಎಲ್ಲಕ್ಕಿಂತ ಮುಖ್ಯ. ವೆಬ್‌ಸೈಟೇ ತೆರೆಯದ ಎಕ್ಸ್‌ಪಿ ಅವರ ಸರ್ವರ್‌ಗೆ ಹೋಗಿ ಆಕ್ಟಿವೇಟ್ ಆಗುವುದು ಕಷ್ಟ. ವಾರದೊಳಗೆ ಉತ್ತರ ಬರದಿದ್ದರೆ ಆ ದುಡ್ಡು ಜೇಬಿನಲ್ಲೇ ಇರಲಿ. ಡಾಟ್‌ನೆಟ್ (ಕೆಲವು ತಂತ್ರಾಂಶ ಓಡಲು ಬೇಕಾದ ಮೈಕ್ರೋಸಾಫ್ಟ್‌ನ ಘಟಕ) 4.5 ಬೇಕು ಅಂತ ಪುಟದಲ್ಲಿ ಬರೆದಿದ್ದರೆ ಇಮೇಲೂ ಬೇಡ. ಎಕ್ಸ್‌ಪಿಗೆ 4.0 ದಾಟಿ ಹೋಗುವುದಿಲ್ಲ.

ಇನ್ನೊಂದು ವಿಷಯ. ಒಂದೇ ಸಲದ ಬೆಲೆಯೋ, ವರ್ಷ ವರ್ಷವೂ ತಾನೇ ಕತ್ತರಿಸಿಕೊಳ್ಳುವ ಚಂದಾದಾರಿಕೆಯೋ ಅಂತ ಓದಿ. ಚಂದಾದಾರಿಕೆ ಹಳೇ ಯಂತ್ರಕ್ಕೆ ಹೇಳಿಮಾಡಿಸಿದ್ದಲ್ಲ.

ಹಂತ 7: ದುಡ್ಡು ಕಳಿಸುವುದು

ಪಾವತಿಯನ್ನು ಎಕ್ಸ್‌ಪಿಯಲ್ಲಿ ಮಾಡಲೇಬೇಡಿ. 2014ರ ಏಪ್ರಿಲ್‌ನಲ್ಲಿ ಅದರ ಸುರಕ್ಷತೆಯ ತಿದ್ದುಪಡಿ ನಿಂತಿದೆ. ಕಾರ್ಡ್ ನಂಬರ್ ಅಲ್ಲಿ ಒತ್ತಬಾರದು. ಫೋನ್ ಅಥವಾ ಹೊಸ ಕಂಪ್ಯೂಟರ್ ಬಳಸಿ.

ಹೊರದೇಶದ ಸಣ್ಣ ಮಾರಾಟಗಾರರ ಹತ್ತಿರ ಫೋನ್‌ಪೇ, ಗೂಗಲ್ ಪೇ ನಡೆಯುವುದು ಅಪರೂಪ. ವೀಸಾ ಅಥವಾ ಮಾಸ್ಟರ್‌ಕಾರ್ಡ್ ಬೇಕು. ರೂಪೇ ಕಾರ್ಡನ್ನು ಹೆಚ್ಚಿನವರು ತಗೊಳ್ಳುವುದಿಲ್ಲ. ಪೇಪಾಲ್ ಭಾರತದೊಳಗಿನ ಪಾವತಿಯನ್ನು 2021ರಲ್ಲಿ ನಿಲ್ಲಿಸಿತು, ಹೊರದೇಶಕ್ಕೆ ಕೊಡಲು ಈಗಲೂ ಬಳಸಬಹುದು. ಅದರಲ್ಲಿ ಮಾರುವವರ ಕೈಗೆ ಕಾರ್ಡ್ ನಂಬರ್ ಹೋಗುವುದಿಲ್ಲ ಅನ್ನುವುದು ಒಂದು ಸಮಾಧಾನ.

ಕಾರ್ಡ್ ಇದ್ದರೂ ಮೊದಲ ಸಲ ಹೆಚ್ಚಾಗಿ ಪಾವತಿ ಬೀಳುವುದಿಲ್ಲ. 2020ರ ರಿಸರ್ವ್ ಬ್ಯಾಂಕ್ ನಿಯಮದಿಂದ ಹೊಸ ಕಾರ್ಡುಗಳಲ್ಲಿ ಅಂತರರಾಷ್ಟ್ರೀಯ ವಹಿವಾಟು ಬಂದ್ ಆಗಿಯೇ ಬರುತ್ತದೆ. ಬ್ಯಾಂಕ್ ಆ್ಯಪ್‌ನ ಕಾರ್ಡ್ ಸೆಟ್ಟಿಂಗ್‌ನಲ್ಲಿ ಇಂಟರ್‌ನ್ಯಾಷನಲ್ ಮತ್ತು ಆನ್‌ಲೈನ್ ಎರಡನ್ನೂ ಆನ್ ಮಾಡಿ. ಮಿತಿಯನ್ನು ಬೆಲೆಗಿಂತ ಸ್ವಲ್ಪ ಮೇಲಕ್ಕೆ ಮಾತ್ರ ಇಡಿ. ಹೊರದೇಶದ ಸೈಟು ಒಟಿಪಿ ಕೇಳದೆಯೂ ದುಡ್ಡು ಎಳೆಯಬಹುದು. ಆದ್ದರಿಂದ ಈ ಮಿತಿಯೇ ನಿಮ್ಮ ಬೇಲಿ.

ಬೆಲೆಯ ಲೆಕ್ಕ ಮೊದಲೇ ಹಾಕಿ. ಡಾಲರಿಗೆ 85 ರೂಪಾಯಿ ಅಂತ ಹಿಡಿದರೆ 20 ಡಾಲರ್‌ಗೆ 1,700. ಮಾರುವವರು ಶೇ 18 ಜಿಎಸ್‌ಟಿ ಸೇರಿಸಿದರೆ 2,006. ಬ್ಯಾಂಕು ಕರೆನ್ಸಿ ಬದಲಾವಣೆಗೆ ಶೇ 3.5 ಹಾಕಿತು ಅನ್ನಿ, 70 ರೂಪಾಯಿ. ಆ 70ರ ಮೇಲೆ ಮತ್ತೆ ಜಿಎಸ್‌ಟಿ, ಸುಮಾರು 13. ಒಟ್ಟು 2,090 ಹತ್ತಿರ. ಅಂದರೆ 20 ಡಾಲರ್ ಅಂತ ಬರೆದದ್ದಕ್ಕೂ ಖಾತೆಯಿಂದ ಹೋಗುವುದಕ್ಕೂ ಸುಮಾರು 400 ರೂಪಾಯಿ ಅಂತರ. ನಿಮ್ಮ ಹೆಸರಲ್ಲಿ ಜಿಎಸ್‌ಟಿ ನೋಂದಣಿ ಇದ್ದರೆ ಬಿಲ್ಲನ್ನು ಆಡಿಟರ್‌ಗೆ ತೋರಿಸಿ.

ಕ್ರ್ಯಾಕ್ (ದುಡ್ಡು ಕೊಡದೆ ತಡೆ ಮುರಿಯುವ ಫೈಲ್) ಹಾಕಿಕೊಡುತ್ತೇನೆ ಅಂತ ಅಂಗಡಿಯವರು ಹೇಳಿದರೆ ಬೇಡ ಅನ್ನಿ. ತಯಾರಕರಿಗೆ ಅನ್ಯಾಯ ಅನ್ನುವುದು ಒಂದು. ಅದರ ಜೊತೆ ಬರುವ ವೈರಸ್ ನಿಮ್ಮ ಇಪ್ಪತ್ತು ವರ್ಷದ ಫೈಲುಗಳಿರುವ ಡಿಸ್ಕ್‌ನಲ್ಲೇ ಕೂರುತ್ತದೆ ಅನ್ನುವುದು ಇನ್ನೊಂದು.

ಹಂತ 8: ಕೀ ಬಂದ ದಿನವೇ ಮಾಡುವ ಕೆಲಸ

ಕೀ ಇರುವ ಇಮೇಲನ್ನು ಪ್ರಿಂಟ್ ತೆಗೆದು ಕಂಪ್ಯೂಟರ್ ಬಿಲ್ಲಿನ ಜೊತೆ ಪಿನ್ ಮಾಡಿ. ಇನ್‌ಸ್ಟಾಲರ್ ಫೈಲನ್ನು ಪೆನ್‌ಡ್ರೈವ್ ಒಂದರಲ್ಲಿ, ಸಿಡಿ ಒಂದರಲ್ಲಿ ಹಾಕಿಡಿ. ನಾಳೆ ಆ ಸೈಟು ಮುಚ್ಚಿದರೆ ಕೀ ಇದ್ದೂ ಹಾಕಲು ಸಾಫ್ಟ್‌ವೇರ್ ಇರುವುದಿಲ್ಲ. ಕೀ ಒಪ್ಪಿತು ಅಂತ ಖಾತ್ರಿಯಾದ ಮೇಲೆ ಬ್ಯಾಂಕ್ ಆ್ಯಪ್‌ಗೆ ಹೋಗಿ ಇಂಟರ್‌ನ್ಯಾಷನಲ್ ಆಫ್ ಮಾಡಿ.

ಆಮೇಲೆ ಹಳೇ ಫೈಲುಗಳನ್ನೆಲ್ಲ ಒಂದೇ ಸಮನೆ ತಿರುಗಿಸಿ. ಗಿರಾಕಿ ಬಂದಾಗ ಒಂದೊಂದೇ ಮಾಡೋಣ ಅಂತ ಬಿಡಬೇಡಿ, ಆ ಯಂತ್ರ ಅಲ್ಲಿಯವರೆಗೆ ಬದುಕಿರಬೇಕಲ್ಲ. ಮೂಲ ಫೈಲನ್ನು ಮುಟ್ಟದೆ ಹಾಗೇ ಇಡಿ. ಪಕ್ಕದ ಫೋಲ್ಡರ್‌ನಲ್ಲಿ ಆರ್‌ಟಿಎಫ್ ಒಂದು, ಪುಟ ಹೇಗಿತ್ತು ಅಂತ ತೋರಿಸಲು ಪಿಡಿಎಫ್ ಒಂದು, ಯೂನಿಕೋಡ್‌ಗೆ ತಿರುಗಿಸಿದ ಬರಹ ಒಂದು ಇರಲಿ. ಯಾವ ಫಾಂಟ್‌ನಲ್ಲಿ ಬೆರಳಚ್ಚಾಗಿತ್ತು ಅನ್ನುವುದನ್ನು ಫೋಲ್ಡರ್ ಹೆಸರಿನಲ್ಲೇ ಸೇರಿಸಿ, "2004 ಜಾತ್ರೆ ನುಡಿ" ಅನ್ನುವ ಹಾಗೆ. ಇಡೀ ಫೋಲ್ಡರ್‌ನ ಒಂದು ಪ್ರತಿ ಅಂಗಡಿಯಲ್ಲಿ, ಇನ್ನೊಂದು ಮನೆಯಲ್ಲಿ ಇರಲಿ.